ಪಿಂಚಣಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ತಾರೀಖು

ಒಂದೇ ಅಧಿಸೂಚನೆ, ಒಂದೇ ಪರೀಕ್ಷೆ, ಒಂದೇ ಆಯ್ಕೆ ಪಟ್ಟಿ. ಒಬ್ಬರಿಗೆ ನೇಮಕಾತಿ ಆದೇಶ 2006ರ ಮಾರ್ಚ್‌ನಲ್ಲಿ ಸಿಕ್ಕಿತು. ಅದೇ ತಿಂಗಳು ಡ್ಯೂಟಿಗೆ ಹಾಜರಾದರು. ಇನ್ನೊಬ್ಬರ ಪೊಲೀಸ್ ವೆರಿಫಿಕೇಷನ್ ತಡವಾಯಿತು. ಅವರು ಹಾಜರಾಗುವಷ್ಟರಲ್ಲಿ ಜೂನ್ ಬಂದಿತ್ತು. ಮುಂದೆ ಇಬ್ಬರದೂ ಒಂದೇ ಹುದ್ದೆ, ಒಂದೇ ಸಂಬಳ, ಒಂದೇ ಬಡ್ತಿ. ಆದರೆ ನಿವೃತ್ತಿಯ ದಿನ ಮೊದಲನೆಯವರಿಗೆ ಜೀವನಪೂರ್ತಿ ಅರ್ಧ ಸಂಬಳದ ಪಿಂಚಣಿ. ಎರಡನೆಯವರಿಗೆ ಷೇರು ಪೇಟೆ ಆ ಹೊತ್ತಿಗೆ ಎಲ್ಲಿರುತ್ತದೋ ಅದರ ಮೇಲೆ ನಿಂತ ಒಂದು ಮೊತ್ತ.

ಇದು ಉದಾಹರಣೆಗೆ ಕಟ್ಟಿದ ಕಥೆ. ಆದರೆ ಕರ್ನಾಟಕದಲ್ಲಿ ಇದೇ ಸ್ಥಿತಿಯಲ್ಲಿದ್ದವರು ಸುಮಾರು 13,000 ಮಂದಿ. ಅವರ ವಿಷಯ ಬಗೆಹರಿಯಲು 2024ರ ಜನವರಿವರೆಗೆ ಕಾಯಬೇಕಾಯಿತು.

ಸರ್ಕಾರಿ ನೌಕರರ ಪಿಂಚಣಿಯ ಬಗ್ಗೆ ಮಾತು ಬಂದಾಗಲೆಲ್ಲ ‘ಓಪಿಎಸ್ (ಹಳೆ ಪಿಂಚಣಿ) ಒಳ್ಳೆಯದಾ, ಎನ್‌ಪಿಎಸ್ (ಹೊಸ ಪಿಂಚಣಿ) ಒಳ್ಳೆಯದಾ’ ಅನ್ನುವ ವಾದ ಶುರುವಾಗುತ್ತದೆ. ಅದು ಬೇಕಾದ ವಾದವೇ. ಆದರೆ ನನ್ನ ಪ್ರಕಾರ ಈ ಗೋಜಲನ್ನು ಬಿಡಿಸುವ ಎಳೆ ಬೇರೆ ಇದೆ: ಸರ್ಕಾರ ಎಲ್ಲಿ ಒಂದು ತಾರೀಖಿನ ಗೆರೆ ಎಳೆಯಿತು, ಯಾವ ಅಧಿಕಾರದಿಂದ ಎಳೆಯಿತು, ಕೋರ್ಟು ಅದನ್ನು ಒಪ್ಪಿತೇ? ಇಷ್ಟನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಕಾನೂನು ಮಾಡುವವರು ಯಾರು?

ರಾಜ್ಯ ನೌಕರರ ಪಿಂಚಣಿ ರಾಜ್ಯದ್ದೇ ವಿಷಯ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 42ನೇ ನಮೂದು ಇದನ್ನೇ ಹೇಳುತ್ತದೆ: ರಾಜ್ಯದ ಸಂಚಿತ ನಿಧಿಯಿಂದ ಕೊಡುವ ಪಿಂಚಣಿ. ಹಾಗಾಗಿ ಕೇಂದ್ರ ತನ್ನ ನೌಕರರಿಗೆ ಏನೇ ಮಾಡಿದರೂ ಅದು ಕರ್ನಾಟಕಕ್ಕೆ ತಾನಾಗಿ ಅನ್ವಯವಾಗುವುದಿಲ್ಲ. ಇಲ್ಲಿ ಪ್ರತ್ಯೇಕ ಆದೇಶವೇ ಆಗಬೇಕು.

ರಾಜ್ಯದೊಳಗೆ ಮೂರು ಮಟ್ಟ ಇದೆ. ಮೇಲೆ ವಿಧಾನಮಂಡಲ ಮಾಡುವ ಕಾಯ್ದೆ. ಅದರ ಕೆಳಗೆ ನಿಯಮ, ಅಂದರೆ ಎಲ್ಲರೂ ಕೆಸಿಎಸ್‌ಆರ್ ಅಂತ ಕರೆಯುವ ಕರ್ನಾಟಕ ನಾಗರಿಕ ಸೇವಾ ನಿಯಮಗಳು. ಅದಕ್ಕೂ ಕೆಳಗೆ ಆರ್ಥಿಕ ಇಲಾಖೆ ಹೊರಡಿಸುವ ಆದೇಶ, ಸುತ್ತೋಲೆ. ಸುತ್ತೋಲೆ ನಿಯಮವನ್ನು ಮೀರುವಂತಿಲ್ಲ, ನಿಯಮ ಕಾಯ್ದೆಯನ್ನು ಮೀರುವಂತಿಲ್ಲ. ಕೇಳಲು ಒಣ ವಿಷಯ ಅನ್ನಿಸಬಹುದು. ಆದರೆ ನಿವೃತ್ತರು ಕೋರ್ಟಿನಲ್ಲಿ ಗೆದ್ದಿರುವ ಎಷ್ಟೋ ಪ್ರಕರಣಗಳು ನಿಂತಿರುವುದು ಇಲ್ಲೇ. 2013ರಲ್ಲಿ ಜಾರ್ಖಂಡ್‌ನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಪಿಂಚಣಿ ಅನ್ನುವುದು ನೌಕರನ ಆಸ್ತಿ. ನಿಯಮದಲ್ಲಿ ಅವಕಾಶ ಇಲ್ಲದೆ, ಬರೀ ಆಡಳಿತಾತ್ಮಕ ಸೂಚನೆ ತೋರಿಸಿ ಅದನ್ನು ತಡೆಹಿಡಿಯಲು ಬರುವುದಿಲ್ಲ.

ಹಳೆಯದು, ಹೊಸದು

ಹಳೆ ಪಿಂಚಣಿಯ ಲೆಕ್ಕ ಸರಳ. ಕೊನೆಯ ಮೂಲ ವೇತನ 80,000 ರೂಪಾಯಿ, ಸೇವೆ 30 ವರ್ಷ ಅಂದುಕೊಳ್ಳಿ. ಪಿಂಚಣಿ ಅದರ ಅರ್ಧ, 40,000. ಸೇವೆ 20 ವರ್ಷ ಮಾತ್ರ ಆಗಿದ್ದರೆ ಅದೇ ಪ್ರಮಾಣದಲ್ಲಿ ಇಳಿದು 26,667 ಆಗುತ್ತದೆ. ಕನಿಷ್ಠ 10 ವರ್ಷ ಸೇವೆ ಇರಲೇಬೇಕು. ಇದರ ಮೇಲೆ ತುಟ್ಟಿಭತ್ಯೆ. ಬೆಲೆ ಏರಿದ ಹಾಗೆ ಅದೂ ಏರುತ್ತದೆ. ಹೊಸ ವೇತನ ಆಯೋಗ ಬಂದರೆ ಪಿಂಚಣಿಯೂ ಪರಿಷ್ಕರಣೆ ಆಗುತ್ತದೆ. ನೌಕರ ತೀರಿಕೊಂಡರೆ ಹೆಂಡತಿಗೋ ಗಂಡನಿಗೋ ಮೂಲ ವೇತನದ ಶೇ. 30ರಷ್ಟು ಕುಟುಂಬ ಪಿಂಚಣಿ.

ಬೇಕಿದ್ದರೆ ಪಿಂಚಣಿಯ ಮೂರನೇ ಒಂದು ಭಾಗವನ್ನು ಮಾರಿ ಇಡಿಗಂಟು ತೆಗೆದುಕೊಳ್ಳಬಹುದು. ಇದನ್ನೇ ಕಮ್ಯುಟೇಷನ್ ಅನ್ನುತ್ತಾರೆ. ಮಾರಿದ ಭಾಗ 15 ವರ್ಷಗಳ ನಂತರ ಮತ್ತೆ ಸೇರಿಕೊಳ್ಳುತ್ತದೆ. ಇಲ್ಲಿ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಮಾರಿದ ಮೇಲೂ ತುಟ್ಟಿಭತ್ಯೆ ಪೂರ್ತಿ 40,000ದ ಮೇಲೇ ಸಿಗುತ್ತದೆ. ಉಳಿದ 26,667ರ ಮೇಲಲ್ಲ.

ಇದಕ್ಕೆಂದು ನೌಕರನ ಸಂಬಳದಿಂದ ಒಂದು ಪೈಸೆಯೂ ಕಡಿತ ಇಲ್ಲ. ಹಾಗಾದರೆ ದುಡ್ಡು ಎಲ್ಲಿಂದ? ಆ ವರ್ಷದ ತೆರಿಗೆಯಿಂದ. ಮೊದಲೇ ಕೂಡಿಟ್ಟ ನಿಧಿ ಅಂತ ಯಾವುದೂ ಇಲ್ಲ. ಸರ್ಕಾರಗಳಿಗೆ ಹೆದರಿಕೆ ಹುಟ್ಟಿದ್ದು ಇಲ್ಲೇ. ಆಯುಷ್ಯ ಏರುತ್ತಿದೆ, ನಿವೃತ್ತರ ಸಂಖ್ಯೆಯೂ ಏರುತ್ತಿದೆ.

ಕೇಂದ್ರ 2004ರ ಜನವರಿ 1ರಿಂದ ತನ್ನ ಹೊಸ ನೌಕರರಿಗೆ ಎನ್‌ಪಿಎಸ್ ತಂದಿತು. ಸೇನೆಯನ್ನು ಹೊರಗಿಟ್ಟಿತು. ಕರ್ನಾಟಕ ಇದನ್ನು 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇವೆಗೆ ಸೇರಿದವರಿಗೆ ಅನ್ವಯಿಸಿತು. ಪಶ್ಚಿಮ ಬಂಗಾಳ ಎನ್‌ಪಿಎಸ್‌ಗೆ ಬರಲೇ ಇಲ್ಲ. ತಮಾಷೆ ಏನೆಂದರೆ, ಈ ವ್ಯವಸ್ಥೆಯನ್ನು ನಿಯಂತ್ರಿಸುವ ಪಿಎಫ್‌ಆರ್‌ಡಿಎ (ಪಿಂಚಣಿ ನಿಧಿ ನಿಯಂತ್ರಣ ಪ್ರಾಧಿಕಾರ) ಕಾಯ್ದೆ ಸಂಸತ್ತಿನಲ್ಲಿ ಪಾಸಾದದ್ದು 2013ರಲ್ಲಿ. ಅಂದರೆ ಸುಮಾರು 10 ವರ್ಷ ಸರ್ಕಾರಿ ನೌಕರರ ದುಡ್ಡು ಸರಿಯಾದ ಕಾಯ್ದೆಯೇ ಇಲ್ಲದೆ ಬರೀ ಆದೇಶಗಳ ಮೇಲೆ ಓಡಾಡಿತು.

ಎನ್‌ಪಿಎಸ್‌ನಲ್ಲಿ ನೌಕರನ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರ ಶೇ. 10 ಕಡಿತ. ಸರ್ಕಾರ ಈಗ ಶೇ. 14 ಹಾಕುತ್ತದೆ. ಈ ಹಣ ನೌಕರನ ಹೆಸರಿನ ‘ಪ್ರಾನ್’ (ಕಾಯಂ ನಿವೃತ್ತಿ ಖಾತೆ) ಸಂಖ್ಯೆಯ ಖಾತೆಗೆ ಹೋಗಿ ಸರ್ಕಾರಿ ಬಾಂಡು, ಕಂಪನಿ ಸಾಲಪತ್ರ, ಸ್ವಲ್ಪ ಷೇರು ಹೀಗೆ ಹಂಚಿಹೋಗುತ್ತದೆ. ನಿವೃತ್ತಿಯ ದಿನ 50 ಲಕ್ಷ ಕೂಡಿದೆ ಅನ್ನೋಣ. ಗರಿಷ್ಠ ಶೇ. 60, ಅಂದರೆ 30 ಲಕ್ಷ ಕೈಗೆ. ಅದಕ್ಕೆ ತೆರಿಗೆ ಇಲ್ಲ. ಉಳಿದ 20 ಲಕ್ಷಕ್ಕೆ ವಿಮಾ ಕಂಪನಿಯಿಂದ ವರ್ಷಾಶನ, ಅಂದರೆ ತಿಂಗಳು ತಿಂಗಳೂ ಹಣ ಕೊಡುವ ಯೋಜನೆ, ಕೊಳ್ಳಬೇಕು. ವರ್ಷಕ್ಕೆ ಶೇ. 6.5 ಸಿಗುತ್ತದೆ ಅಂತ ಹಿಡಿದರೆ ತಿಂಗಳಿಗೆ ಸುಮಾರು 10,800 ರೂಪಾಯಿ. ಇದಕ್ಕೆ ತುಟ್ಟಿಭತ್ಯೆ ಇಲ್ಲ. ಸಾಮಾನ್ಯವಾಗಿ ಕೊಳ್ಳುವ ವರ್ಷಾಶನ ಇಪ್ಪತ್ತು ವರ್ಷ ಆದಮೇಲೂ ಅದೇ 10,800. ಅಷ್ಟರಲ್ಲಿ ಅಕ್ಕಿ, ಔಷಧಿ ಬೆಲೆ ಎಲ್ಲಿಗೆ ಹೋಗಿರುತ್ತದೋ!

ಎನ್‌ಪಿಎಸ್ ಪರ ಇರುವವರ ಮಾತಿನಲ್ಲೂ ಹುರುಳಿದೆ. 25ನೇ ವಯಸ್ಸಿಗೆ ಸೇರಿ 60ರವರೆಗೆ ದುಡಿದವರಿಗೆ ಕೂಡುವ ಮೊತ್ತ ಚಿಕ್ಕದೇನೂ ಆಗಿರುವುದಿಲ್ಲ. ಆದರೆ ಅಂಥವರು ಇನ್ನೂ ನಿವೃತ್ತರಾಗಿಲ್ಲ. 2006ರಲ್ಲಿ 25 ವರ್ಷದವರಾಗಿದ್ದವರ ನಿವೃತ್ತಿ 2041ಕ್ಕೆ. ಈಗ ನಿವೃತ್ತರಾಗುತ್ತಿರುವ ಎನ್‌ಪಿಎಸ್ ನೌಕರರು ವಯಸ್ಸಾದ ಮೇಲೆ ಕೆಲಸಕ್ಕೆ ಸೇರಿದವರು. ಹತ್ತೋ ಹದಿನೈದೋ ವರ್ಷದ ಉಳಿತಾಯ ಮಾತ್ರ ಅವರದು. ಹಳೆ ಪಿಂಚಣಿಯಲ್ಲಿ 10 ವರ್ಷ ಸೇವೆಗೂ ಕನಿಷ್ಠ ಪಿಂಚಣಿಯ ಖಾತ್ರಿ ಇದೆ, ಅದು ಈಗ ರಾಜ್ಯದಲ್ಲಿ 13,500 ರೂಪಾಯಿ. ಇಲ್ಲಿ ಅಂಥ ಖಾತ್ರಿ ಇಲ್ಲ. ಹೋರಾಟದ ಸಿಟ್ಟು ಬಂದಿರುವುದು ಈ ಪಾಸ್‌ಬುಕ್‌ಗಳನ್ನು ಕಣ್ಣಾರೆ ನೋಡಿದ ಮೇಲೆ.

13,000 ಮಂದಿಯ ಕಥೆ

ಏಪ್ರಿಲ್ 1 ಅನ್ನುವ ಗೆರೆಯಲ್ಲಿ ಒಂದು ಬಿರುಕಿತ್ತು. ಹುದ್ದೆಗೆ ಅರ್ಜಿ ಕರೆದಾಗ ಇದ್ದದ್ದು ಹಳೆ ಪಿಂಚಣಿ. ಅದನ್ನು ನಂಬಿಯೇ ಅರ್ಜಿ ಹಾಕಿದ್ದರು. ತಡ ಮಾಡಿದ್ದು ಸರ್ಕಾರ. ಹಾಗಿದ್ದಮೇಲೆ ಅದರ ನಷ್ಟ ನೌಕರನ ತಲೆಗೆ ಯಾಕೆ?

ಕೇಂದ್ರ ನೌಕರರು ಇದೇ ಪ್ರಶ್ನೆ ಹಿಡಿದು ಕೋರ್ಟಿಗೆ ಹೋಗಿ ಗೆಲ್ಲುತ್ತಾ ಬಂದರು. ಕೊನೆಗೆ 2023ರ ಮಾರ್ಚ್‌ನಲ್ಲಿ ಕೇಂದ್ರ ಒಂದು ಆದೇಶ ಹೊರಡಿಸಿತು. ಎನ್‌ಪಿಎಸ್ ಅಧಿಸೂಚನೆಯಾದ 2003ರ ಡಿಸೆಂಬರ್ 22ಕ್ಕೆ ಮೊದಲೇ ಜಾಹೀರಾತು ಆಗಿದ್ದ ಹುದ್ದೆಗಳಿಗೆ ಸೇರಿದವರು ಒಂದು ಬಾರಿ ಹಳೆ ಪಿಂಚಣಿ ಆರಿಸಿಕೊಳ್ಳಬಹುದು ಎಂದಿತು. ಕರ್ನಾಟಕ 2024ರ ಜನವರಿಯಲ್ಲಿ ಅದೇ ದಾರಿ ಹಿಡಿಯಿತು. 2006ರ ಏಪ್ರಿಲ್ 1ಕ್ಕೆ ಮೊದಲು ನೇಮಕಾತಿ ಅಧಿಸೂಚನೆ ಆಗಿ, ಆಮೇಲೆ ಕೆಲಸಕ್ಕೆ ಬಂದವರಿಗೆ ಓಪಿಎಸ್ ಅವಕಾಶ ಕೊಟ್ಟಿತು. ಗಮನಿಸಿ, ಗೆರೆ ಅಳಿಸಿಹೋಗಲಿಲ್ಲ. ತಾರೀಖು ಅದೇ. ಅಳೆಯುವುದು ಮಾತ್ರ ಬದಲಾಯಿತು: ಸೇರಿದ ದಿನದ ಬದಲು ಅಧಿಸೂಚನೆಯ ದಿನ.

ಉಳಿದ ಲಕ್ಷಾಂತರ ಎನ್‌ಪಿಎಸ್ ನೌಕರರಿಗೆ ಇದರಿಂದ ಏನೂ ಸಿಗಲಿಲ್ಲ. 2023ರ ಮಾರ್ಚ್ 1ರ ಮುಷ್ಕರದ ದಿನ ಆಗಿನ ಸರ್ಕಾರ ಶೇ. 17 ಮಧ್ಯಂತರ ಪರಿಹಾರ ಕೊಟ್ಟು, ಓಪಿಎಸ್ ಅಧ್ಯಯನಕ್ಕೆ ಸಮಿತಿ ಮಾಡುವುದಾಗಿ ಹೇಳಿತು. ಆಮೇಲಿನ ಚುನಾವಣೆಯ ಪ್ರಣಾಳಿಕೆಯಲ್ಲೂ ಓಪಿಎಸ್ ಬಂತು. ಸಮಿತಿ, ಭರವಸೆ, ಮತ್ತೆ ಸಮಿತಿ. ಈ ತಿರುಗಾಟ ನೌಕರರಿಗೆ ರೂಢಿಯಾಗಿದೆ.

ಕೋರ್ಟು ಎಲ್ಲಿಯವರೆಗೆ ಕಾಪಾಡುತ್ತದೆ?

ನಿವೃತ್ತರ ಸಂಘಗಳು ಡಿಸೆಂಬರ್ 17ನ್ನು ಪಿಂಚಣಿದಾರರ ದಿನವಾಗಿ ಆಚರಿಸುತ್ತವೆ. 1982ರ ಆ ದಿನ ಸುಪ್ರೀಂ ಕೋರ್ಟಿನ ಐವರ ಪೀಠ ಡಿ.ಎಸ್. ನಕಾರಾ ಪ್ರಕರಣದ ತೀರ್ಪು ಕೊಟ್ಟಿತು. ಕೇಂದ್ರ ಸರ್ಕಾರ ಪಿಂಚಣಿಯ ಸೂತ್ರವನ್ನು ಉದಾರ ಮಾಡಿ, ಅದು 1979ರ ಮಾರ್ಚ್ 31ರಂದು ಸೇವೆಯಲ್ಲಿದ್ದವರಿಗೆ ಮಾತ್ರ ಎಂದಿತ್ತು. ಅದಕ್ಕೆ ಮೊದಲೇ ನಿವೃತ್ತರಾದವರು ಹಳೆ ಸೂತ್ರದಲ್ಲೇ ಉಳಿಯಬೇಕಿತ್ತು. ಕೋರ್ಟು ಈ ತಾರೀಖನ್ನು ಹೊಡೆದುಹಾಕಿತು. ಪಿಂಚಣಿ ಸರ್ಕಾರ ಖುಷಿ ಬಂದಾಗ ಕೊಡುವ ಭಿಕ್ಷೆಯಲ್ಲ, ದುಡಿದದ್ದಕ್ಕೆ ಸಲ್ಲುವ ಹಕ್ಕು. ಪಿಂಚಣಿದಾರರೆಲ್ಲ ಒಂದೇ ವರ್ಗ, ಅವರನ್ನು ತಾರೀಖಿನಿಂದ ಒಡೆಯುವಂತಿಲ್ಲ ಎಂದಿತು.

ಎಷ್ಟೋ ಜನ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಸಂಘದ ಭಾಷಣಗಳೂ ಇಲ್ಲಿಗೇ ಮುಗಿಯುತ್ತವೆ. ಆಮೇಲಿನ ತೀರ್ಪುಗಳು ನಕಾರಾವನ್ನು ನಿಧಾನವಾಗಿ ಕಿರಿದು ಮಾಡಿವೆ. ಅದರಲ್ಲಿ 2005ರ ಅಮರನಾಥ ಗೋಯಲ್ ಪ್ರಕರಣವನ್ನು ಕರ್ನಾಟಕದ ನಿವೃತ್ತರು ಅವಶ್ಯ ತಿಳಿದಿರಬೇಕು. ಗ್ರ್ಯಾಚುಟಿಯ ಏರಿಕೆಯನ್ನು 1995ರ ಏಪ್ರಿಲ್ 1ರಿಂದ ಜಾರಿ ಮಾಡಲಾಗಿತ್ತು. 1993ರ ಜುಲೈನಿಂದ 1995ರ ಮಾರ್ಚ್ ನಡುವೆ ನಿವೃತ್ತರಾದವರು ತಮಗೂ ಬೇಕು ಅಂದರು. ಕೋರ್ಟು ಒಪ್ಪಲಿಲ್ಲ. ಖಜಾನೆಯ ಶಕ್ತಿ ನೋಡಿಕೊಂಡು ತಾರೀಖು ಇಡುವುದು ತಪ್ಪಲ್ಲ ಎಂದಿತು. ಗ್ರ್ಯಾಚುಟಿ ಒಮ್ಮೆ ಕೊಟ್ಟು ಮುಗಿಯುವ ಮೊತ್ತ, ಪಿಂಚಣಿ ತಿಂಗಳು ತಿಂಗಳೂ ನಡೆಯುವ ಹೊಣೆ. ಈ ಎರಡನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟು ಏಳನೇ ರಾಜ್ಯ ವೇತನ ಆಯೋಗದ ಕಡೆ ಬನ್ನಿ. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಆಯೋಗ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಸರ್ಕಾರ ಅದೇ ವರ್ಷ ಆಗಸ್ಟ್ 1ರಿಂದ ಜಾರಿ ಮಾಡಿತು. ವರ್ಷಕ್ಕೆ 20,208 ಕೋಟಿ ರೂಪಾಯಿ ಹೆಚ್ಚುವರಿ ಹೊರೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಸದನದಲ್ಲಿ ಹೇಳಿದರು. ಹೊಸ ವೇತನ ಕಾಗದದ ಮೇಲೆ 2022ರ ಜುಲೈ 1ರಿಂದ, ಕೈಗೆ ದುಡ್ಡು 2024ರ ಆಗಸ್ಟ್ 1ರಿಂದ. ಈ ಎರಡು ತಾರೀಖಿನ ನಡುವೆ ನಿವೃತ್ತರಾದವರು ಸಿಕ್ಕಿಹಾಕಿಕೊಂಡರು.

ಲೆಕ್ಕ ಹಾಕಿ ನೋಡೋಣ. 2023ರಲ್ಲಿ ನಿವೃತ್ತರಾದ ಒಬ್ಬರ ಹಳೆ ಮೂಲ ವೇತನ 60,000. ಇದಕ್ಕೆ ಶೇ. 31 ತುಟ್ಟಿಭತ್ಯೆ (18,600) ಮತ್ತು ಶೇ. 27.5 ಫಿಟ್‌ಮೆಂಟ್, ಅಂದರೆ ಹೊಸ ವೇತನಕ್ಕೆ ಕೊಡುವ ಏರಿಕೆ (16,500) ಸೇರಿಸಿದರೆ ಹೊಸ ಮೂಲ ವೇತನ ಸುಮಾರು 95,100. ಪಿಂಚಣಿ 30,000ದಿಂದ 47,550ಕ್ಕೆ ಏರುತ್ತದೆ. ಆಗಸ್ಟ್ 2024ರಿಂದ ಅದು ಸಿಗುತ್ತದೆ. ಇದರಲ್ಲಿ ತಕರಾರಿಲ್ಲ. ಆದರೆ ಗ್ರ್ಯಾಚುಟಿ, ಕಮ್ಯುಟೇಷನ್, ಗಳಿಕೆ ರಜೆ ನಗದೀಕರಣ ಇವೆಲ್ಲ ನಿವೃತ್ತಿಯ ದಿನ ಹಳೆ ವೇತನದ ಮೇಲೆ ಕೊಟ್ಟು ಮುಗಿದಿವೆ. ಪೂರ್ತಿ ಸೇವೆ ಇದ್ದವರಿಗೆ ಗ್ರ್ಯಾಚುಟಿ 16.5 ತಿಂಗಳ ಸಂಬಳ. ಫಿಟ್‌ಮೆಂಟಿನ 16,500ವನ್ನು ಅದಕ್ಕೆ ಗುಣಿಸಿದರೆ ಅಲ್ಲೇ 2.7 ಲಕ್ಷದಷ್ಟು ವ್ಯತ್ಯಾಸ. ಕಮ್ಯುಟೇಷನ್, ರಜೆ ಲೆಕ್ಕ ಬೇರೆ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಈ ನಿವೃತ್ತರು ಧರಣಿ ಕೂತದ್ದು ಇದಕ್ಕೇ.

ಅವರ ಬೇಡಿಕೆ ನ್ಯಾಯವಾದದ್ದು ಅಂತಲೇ ನನ್ನ ಅನಿಸಿಕೆ. ವೇತನವನ್ನು ಸರ್ಕಾರವೇ 2022ರಿಂದ ಕಾಲ್ಪನಿಕವಾಗಿ ಒಪ್ಪಿಕೊಂಡ ಮೇಲೆ, ಅದೇ ವೇತನದ ಮೇಲೆ ಗ್ರ್ಯಾಚುಟಿ ಮಾತ್ರ ಇಲ್ಲ ಅನ್ನುವುದು ವಿಚಿತ್ರ. ಆದರೆ ಕೋರ್ಟಿನಲ್ಲಿ ಬರೀ ನಕಾರಾ ಹಿಡಿದು ಹೋದರೆ ಎದುರಿಗೆ ಅಮರನಾಥ ಗೋಯಲ್ ನಿಲ್ಲುತ್ತದೆ. ಇಂಥ ವಿಷಯ ಸರ್ಕಾರದ ಮೇಲೆ ಒತ್ತಡ ತಂದೇ ಬಗೆಹರಿಯಬೇಕಾದೀತು.

ಒಂದೇ ದಿನದ ವ್ಯತ್ಯಾಸ ಏನು ಮಾಡಬಲ್ಲದು ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣ ಇದೆ. ವರ್ಷಪೂರ್ತಿ ದುಡಿದವರಿಗೆ ವಾರ್ಷಿಕ ವೇತನ ಬಡ್ತಿ, ಅಂದರೆ ಇನ್‌ಕ್ರಿಮೆಂಟ್, ಮರುದಿನದಿಂದ ಸಿಗುತ್ತದೆ. ಆ ಮರುದಿನವೇ ನೀವು ನಿವೃತ್ತರು! ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ನೌಕರರ ಪ್ರಕರಣದಲ್ಲಿ 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್ ನೌಕರರ ಪರ ನಿಂತಿತು. ಗಳಿಸಿದ ಇನ್‌ಕ್ರಿಮೆಂಟನ್ನು ಮರುದಿನ ಸೇವೆಯಲ್ಲಿಲ್ಲ ಅನ್ನುವ ಒಂದೇ ಕಾರಣಕ್ಕೆ ತಪ್ಪಿಸಬಾರದು ಎಂದಿತು. ದೇಶದ ಎಲ್ಲ ಕಡೆಯ ನಿವೃತ್ತರು ಈಗ ಈ ತೀರ್ಪು ಹಿಡಿದು ಓಡಾಡುತ್ತಿದ್ದಾರೆ.

ಕೋರ್ಟಿನಲ್ಲಿ ಸೋತರೆ ಕಾಯ್ದೆ

ಕೋರ್ಟು ನಿಯಮವನ್ನು ನೌಕರರ ಪರ ಅರ್ಥ ಮಾಡಿತು ಅನ್ನಿ. ಆಗ ಸರ್ಕಾರದ ಕೈಯಲ್ಲಿ ಇನ್ನೊಂದು ಅಸ್ತ್ರ ಇರುತ್ತದೆ: ಕಾಯ್ದೆಯನ್ನೇ ಮಾಡಿಬಿಡುವುದು. ಕರ್ನಾಟಕದಲ್ಲಿ ಇದರ ಬಿಸಿ ಮುಟ್ಟಿರುವುದು ಅನುದಾನಿತ ಶಾಲಾ ಕಾಲೇಜುಗಳ ಶಿಕ್ಷಕರಿಗೆ. ಒಬ್ಬ ಶಿಕ್ಷಕ 1988ರಲ್ಲಿ ಖಾಸಗಿ ಶಾಲೆಗೆ ಸೇರಿದ, ಶಾಲೆಗೆ ಅನುದಾನ ಸಿಕ್ಕಿದ್ದು 1996ರಲ್ಲಿ ಅಂದುಕೊಳ್ಳಿ. ನಡುವಿನ 8 ವರ್ಷದ ಸೇವೆ ವೇತನಕ್ಕೆ, ಪಿಂಚಣಿಗೆ ಲೆಕ್ಕವೇ? ‘ಕಾಲ್ಪನಿಕ ವೇತನ’ ಅನ್ನುವ ಹೆಸರಲ್ಲಿ ಪ್ರಸಿದ್ಧವಾಗಿರುವುದು ಈ ಜಗಳ. ಶಿಕ್ಷಕರು ಕೋರ್ಟಿನಲ್ಲಿ ಗೆಲುವು ಪಡೆದ ಮೇಲೆ, 2014ರಲ್ಲಿ ವಿಧಾನಮಂಡಲ ಖಾಸಗಿ ಅನುದಾನಿತ ಶಿಕ್ಷಣ ಸಂಸ್ಥೆಗಳ ನೌಕರರ ವೇತನ ಮತ್ತು ಪಿಂಚಣಿಯನ್ನು ನಿಯಂತ್ರಿಸುವ ಕಾಯ್ದೆ ಮಾಡಿತು. ಅನುದಾನಕ್ಕೆ ಮೊದಲಿನ ಸೇವೆ ಲೆಕ್ಕಕ್ಕಿಲ್ಲ ಎಂದಿತು. ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದ ಸದಸ್ಯರು ಈ ವಿಷಯ ಎತ್ತುತ್ತಲೇ ಇರುತ್ತಾರೆ.

ಕೇಂದ್ರವೂ 2025ರ ಹಣಕಾಸು ಕಾಯ್ದೆಯಲ್ಲಿ ಇಂಥದ್ದೇ ಒಂದು ಭಾಗ ಸೇರಿಸಿತು. ನಿವೃತ್ತಿಯ ತಾರೀಖನ್ನು ನೋಡಿ ಪಿಂಚಣಿದಾರರ ನಡುವೆ ವ್ಯತ್ಯಾಸ ಮಾಡುವ ಅಧಿಕಾರ ತನಗಿದೆ ಎಂದು ಅದರಲ್ಲಿ ಬರೆದುಕೊಂಡಿತು, ಅದೂ ಹಿಂದಿನಿಂದ ಅನ್ವಯವಾಗುವ ಹಾಗೆ. ನಕಾರಾ ಬೇಡ ಅಂದದ್ದನ್ನೇ ಇದು ಕಾಯ್ದೆಯ ಬಲದಿಂದ ಬೇಕು ಅನ್ನುತ್ತದೆ. ಇದು ಕೇಂದ್ರ ನೌಕರರಿಗೆ ಮಾತ್ರ ಅನ್ವಯ. ಆದರೆ ರಾಜ್ಯಗಳು ಇಂಥ ಪಾಠ ಬೇಗ ಕಲಿಯುತ್ತವೆ.

ಅಂದ ಹಾಗೆ, ಮಾಜಿ ಶಾಸಕರ ಪಿಂಚಣಿಗೂ ಪ್ರತ್ಯೇಕ ಕಾಯ್ದೆ ಇದೆ. 2025ರ ಮಾರ್ಚ್‌ನಲ್ಲಿ ವೇತನ, ಪಿಂಚಣಿ ಏರಿಸುವ ತಿದ್ದುಪಡಿ ಎರಡೂ ಸದನಗಳಲ್ಲಿ ಪಾಸಾಯಿತು. ಅದಕ್ಕೆ ಸಮಿತಿ, ಅಧ್ಯಯನ ಅಂತ ಯಾರನ್ನೂ ಕಾಯಿಸಲಿಲ್ಲ.

ಬೇರೆ ರಾಜ್ಯಗಳು ಏನು ಮಾಡಿದವು?

ರಾಜಸ್ಥಾನ 2022ರ ಬಜೆಟ್‌ನಲ್ಲಿ ಓಪಿಎಸ್‌ಗೆ ಮರಳುವುದಾಗಿ ಘೋಷಿಸಿತು. ಛತ್ತೀಸ್‌ಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶ ಹಿಂದೆಯೇ ಬಂದವು. ಒಂದು ತೊಡಕು ಉಳಿಯಿತು. ಇಷ್ಟು ವರ್ಷ ಎನ್‌ಪಿಎಸ್‌ಗೆ ಕಟ್ಟಿದ ಹಣ ವಾಪಸ್ ಕೊಡಿ ಅಂತ ಈ ರಾಜ್ಯಗಳು ಕೇಳಿದವು. ಪಿಎಫ್‌ಆರ್‌ಡಿಎ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇಲ್ಲ ಅಂತ ಕೇಂದ್ರ ಸಂಸತ್ತಿನಲ್ಲಿ ಹೇಳಿತು. ಆ ಹಣ ನೌಕರರ ಹೆಸರಿನ ಖಾತೆಗಳಲ್ಲಿದೆ, ಸರ್ಕಾರದ ಹೆಸರಿನಲ್ಲಿಲ್ಲ. ‘ಕರ್ನಾಟಕ ಯಾಕೆ ಸುಮ್ನೆ ಒಂದು ಆದೇಶ ಮಾಡಬಾರದು’ ಅಂತ ಕೇಳುವವರು ಈ ತೊಡಕನ್ನೂ ನೋಡಬೇಕು.

ಎಲ್ಲ ರಾಜ್ಯಗಳೂ ಓಪಿಎಸ್‌ಗೆ ಮರಳಿದರೆ ಒಟ್ಟು ಹೊರೆ ಎನ್‌ಪಿಎಸ್‌ಗಿಂತ 4.5 ಪಟ್ಟಿನವರೆಗೂ ಹೋಗಬಹುದು ಅಂತ 2023ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ಬುಲೆಟಿನ್‌ನ ಲೇಖನವೊಂದು ಅಂದಾಜಿಸಿತು.

ನಡುದಾರಿ ಹುಡುಕಿದವರೂ ಇದ್ದಾರೆ. ಆಂಧ್ರಪ್ರದೇಶ 2023ರಲ್ಲಿ ಖಾತ್ರಿ ಪಿಂಚಣಿಯ ಕಾಯ್ದೆಯನ್ನೇ ಮಾಡಿತು. ನೌಕರನ ವಂತಿಗೆ ಇರುತ್ತದೆ, ಆದರೆ ಕೊನೆಯ ಮೂಲ ವೇತನದ ಅರ್ಧಕ್ಕೆ ಕಡಿಮೆಯಾದರೆ ಸರ್ಕಾರ ತುಂಬಿಕೊಡುತ್ತದೆ ಅನ್ನುವುದು ಅದರ ತಿರುಳು. ಕೇಂದ್ರ 2025ರ ಏಪ್ರಿಲ್ 1ರಿಂದ ತಂದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಕೂಡ ಇದೇ ಜಾಡಿನದು. 25 ವರ್ಷ ಸೇವೆ ಆದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, 10 ವರ್ಷಕ್ಕೆ ಕನಿಷ್ಠ 10,000 ರೂಪಾಯಿ, ಬೆಲೆ ಏರಿಕೆಗೆ ತಕ್ಕ ಹೆಚ್ಚಳ. ನೌಕರನ ಶೇ. 10 ವಂತಿಗೆ ಮಾತ್ರ ತಪ್ಪುವುದಿಲ್ಲ. ಕರ್ನಾಟಕದ ನೌಕರರಿಗೆ ಬೇಕಿರುವುದು ವಂತಿಗೆ ಇಲ್ಲದ ಓಪಿಎಸ್. ಆದರೆ ಸಂಧಾನಕ್ಕೆ ಕೂತ ದಿನ ಮೇಜಿನ ಮೇಲೆ ಬರುವ ಕಾಗದ ಇಂಥದ್ದೇ ಆಗಿರಬಹುದು ಅನ್ನುವುದು ನನ್ನ ಊಹೆ.

ಆದೇಶ ಕೈಗೆ ಬಂದಾಗ

ವಾಟ್ಸ್ಆ್ಯಪ್‌ನಲ್ಲಿ ‘ಸಿಹಿ ಸುದ್ದಿ’ ಅಂತ ಬರುವ ಸರ್ಕಾರಿ ಆದೇಶಗಳನ್ನು ಮೊದಲ ಪುಟಕ್ಕೇ ನಿಲ್ಲಿಸಬೇಡಿ. ಆದೇಶ ಹೊರಟ ತಾರೀಖು ಒಂದು, ಜಾರಿಗೆ ಬರುವ ತಾರೀಖು ಇನ್ನೊಂದು, ಆರ್ಥಿಕ ಸೌಲಭ್ಯ ಶುರುವಾಗುವ ತಾರೀಖು ಮತ್ತೊಂದು. ‘ಕಾಲ್ಪನಿಕವಾಗಿ’ ಅನ್ನುವ ಪದ ಎಲ್ಲಿದೆ ನೋಡಿ. ಅದು ಇದ್ದ ಕಡೆ ಬಾಕಿ ಹಣ ಇರುವುದಿಲ್ಲ.

ನಿವೃತ್ತಿ ಹತ್ತಿರ ಬಂದಿದ್ದರೆ ಸೇವಾ ಪುಸ್ತಕ ತೆಗೆಸಿ, ಹುಟ್ಟಿದ ದಿನವನ್ನೂ ಸೇರಿದ ದಿನವನ್ನೂ ನೋಡಿಕೊಳ್ಳಿ. 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರು. ಮೇಷ್ಟ್ರು ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆದುಬಿಟ್ಟ ಆ ತಲೆಮಾರಿನವರೆಲ್ಲ ಮೇ 31ಕ್ಕೆ ಒಟ್ಟಿಗೆ ಹೊರಡುವುದು ಇದಕ್ಕೇ. 2006ರ ಆಸುಪಾಸಿನಲ್ಲಿ ಸೇರಿದವರಾದರೆ ನೇಮಕಾತಿ ಅಧಿಸೂಚನೆಯ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಿ. ಎನ್‌ಪಿಎಸ್‌ನಲ್ಲಿದ್ದರೆ ನಾಮಿನಿ ಹೆಸರು ಸರಿಯಿದೆಯಾ, ಸರ್ಕಾರದ ಶೇ. 14 ಪ್ರತಿ ತಿಂಗಳೂ ಜಮೆ ಆಗಿದೆಯಾ ಅಂತ ಪ್ರಾನ್ ಖಾತೆಯ ಪಟ್ಟಿಯಲ್ಲಿ ನೋಡಿ. ತಪ್ಪಿಹೋದ ತಿಂಗಳುಗಳಿದ್ದರೆ ಸೇವೆಯಲ್ಲಿರುವಾಗಲೇ ನಿಮ್ಮ ಡಿಡಿಒಗೆ, ಅಂದರೆ ಸಂಬಳದ ಬಿಲ್ ಮಾಡುವ ಅಧಿಕಾರಿಗೆ, ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.